ತೂಗಿ ಬಿಟ್ಟ ಗುಂಡಿನ ಮಷಿನ್

ಸಣ್ಣಗ ಮಾತಾಡ್ರಿ, ಹುಡುಗ್ರು ಈಗರ ಮಕ್ಕೊಂಡಾವ. ಆ ದೀಪ ಆರಸು ಶೈಲಾ, ಹುಳ ಬರ್ತಾವ... ಹಾಂ. ನಾಳೆ ಹುಡುಗ್ರನ್ನ ಕಟಗೊಂಡು ಶಿಗ್ಗಾಂವಿ ಹೈವೇ ಮ್ಯಾಲಿನ ಆ ಹೋಟೆಲ್ಲಿಗೆ ಹೊಂಟೀರಂತಲ್ಲ. ಊಟ ಚಲೋ ಐತಂತ, ಹುಡುಗ್ರಿಗೆ ಆಡಾಕ ಮಷಿನ್ ಇಟ್ಟಾರಂತ. ಹೋಗ್ರಿ, ನಾ ಯಾಕ ಬ್ಯಾಡ ಅನ್ನಲಿ. ಆದ್ರ ಅಲ್ಲಿ ಮೂಲ್ಯಾಗ ಒಂದು ಸಾಗವಾನಿ ಪೆಟಗಿ ಐತಿ. ಮ್ಯಾಲ ಗಾಜು, ಹಿಂದ ಸವಣೂರ ದೊಡ್ಡ ಹುಣಸಿಮರದ ಚಿತ್ರ. ಅದಕ್ಕ ಹುಡುಗ್ರ ಕೈ ಹಚ್ಚಗೊಡಬ್ಯಾಡ್ರಿ. ಯಾಕಂತ ಈಗ ಹೇಳ್ತೇನಿ. ಉಂಡಿದ್ದು ಇಳೀಲಿ ಅಂತ ಇಷ್ಟೊತ್ತನ ಸುಮ್ನ ಕುಂತಿದ್ದೆ.

ಇದು ನಮ್ಮ ಕಾಕಾನ ಮಗ ಬಸವೇಶಗ ಆಗಿದ್ದು. ಬಸ್ಸಿನಾಗ ಯಾರೋ ಹೇಳಿದ್ದಲ್ಲ. ಅಂವ ನನ್ನ ಮುಂದ ಕುಂತು, ಬಲಗೈ ಬಟ್ಟು ಒತ್ತಿ ಹಿಡಕೊಂಡು ಹೇಳಿದ್ದು.

ಹಿರೇಕೆರೂರಾಗ ಊರ ಹೊರಗ ಗೋವಿನಜೋಳದ ಗೋಡೌನ್ ಸಾಲು ಅದಾವಲ್ಲ... ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಬರೋ ಕಚ್ಚಾ ಹಾದ್ಯಾಗ ಒಂದು ಬಾವಿ. ಬಾವಿ ಮಗ್ಗಲಕ ಆಲದ ಮರ. ಬಸವೇಶ ರಾತ್ರಿ ಆ ಹಾದಿ ಹಿಡದು ಬರಾಕತ್ತಿದ್ದ. ಹಾವೇರಿಗೆ ಹೋಗೋ ಕಡೀ ಬಸ್ ಹಿಡೀಬೇಕಿತ್ತು. ಗಾಳಿ ಇದ್ದಿಲ್ಲ. ಬಾವಿ ಕಡಿಂದ ಸಪ್ಪಳ ಬಂತು... ಥಪ್... ಥಪ್... ಒದ್ದಿ ಅರಿವಿ ಕಲ್ಲಿಗೆ ಬಡಿಯೋ ಸಪ್ಪಳ. ಆ ಹೊತ್ತಿನ್ಯಾಗ ಯಾರು ಅರಿವಿ ಒಗೀತಾರ? ಇಂವ ನಿಂತ. ಸಪ್ಪಳನೂ ನಿಂತು.

ಹೆಣಮಗಳ ದನಿ. ಪಿಸಪಿಸ ಅಂತ.

"ತೂಗಿದ್ರ್ಯಾ?"

ತಡೀರಿ. ಅದಕ್ಕಿಂತ ಮದಲ ಅಂವ ಅಲ್ಲಿಗ್ಯಾಕ ಹೋಗಿದ್ದ ಹೇಳ್ತೇನಿ.

ಬಸವೇಶ ಹುಬ್ಬಳ್ಳ್ಯಾಗ ಆಟದ ಮಷಿನ್ ರಿಪೇರಿ ಮಾಡಾಂವ. ಅದರಾಗ ಪಿನ್‌ಬಾಲ್ ಅಂದ್ರ ಹುಚ್ಚು. ನಮ್ಮ ಮನ್ಯಾಗ ಅದಕ್ಕ ಗುಂಡಿನ ಮಷಿನ್ ಅಂತೇವಿ. ಇಳಿಜಾರ ಮೇಜು, ಮ್ಯಾಲ ಗಾಜು, ಒಳಗ ಉಕ್ಕಿನ ಗುಂಡು. ಸ್ಪ್ರಿಂಗ್ ಜಗ್ಗಿ ಬಿಟ್ರ ಗುಂಡು ಮ್ಯಾಲ ಹೋಗಿ, ಅಲ್ಲಿ ಇಲ್ಲಿ ಬಡಕೊಂತ ಕೆಳಗ ಬರ್ತೈತಿ. ಕೆಳಗ ಎರಡು ರೆಕ್ಕಿ ಇರ್ತಾವ. ಬಟನ್ ಒತ್ತಿದ್ರ ರೆಕ್ಕಿ ಬಡದು ಗುಂಡನ್ನ ಮತ್ತ ಮ್ಯಾಲ ಕಳಸ್ತಾವ. ನಡುವಿನ ಸಂದ್ಯಾಗ ಬಿದ್ರ ಆಟ ಮುಗೀತು. ಬೀಳಬಾರದು ಅಂತ ಆಡಾವ್ರು ಪೆಟಗಿ ಹಿಡದು ಅಲ್ಲಾಡಸ್ತಾರ. ಅದೂ ಆಟದಾಗಿಂದ ಅಂತ. ಬಾಳ ಅಲ್ಲಾಡಿಸಿದ್ರ ಮಷಿನ್ ಬಂದಾಗಬೇಕು, ಅದಕ್ಕ ಟಿಲ್ಟ್ ಅಂತಾರ. ಇಷ್ಟು ತಿಳಕೋರಿ ಸಾಕು.

ಯಾರರ ಹೊಸಾ ಮಷಿನ್ ತಗೊಳ್ಳೋರಿದ್ರ ಮದಲ ಬಸವೇಶನ್ನ ಕಳಸ್ತಿದ್ರು. ಇಂವ ಹೋಗಿ, ಆಡಿ, ಒಳಗ ಬಗ್ಗಿ ನೋಡಿ, ಚಲೋದು ಏನೈತಿ, ಖೋಟ ಏನೈತಿ ಹೇಳಾಂವ. ಅವನದೊಂದು ಪದ್ಧತಿ. ಚಲೋದೆಲ್ಲಾ ಮದಲ ಹೇಳಾಂವ, ಖೋಟ ಹಿಂದಾಗಡಿ. ಮಾಡಿದಾವರ ಕೈಗೆ ಮರ್ಯಾದಿ ಕೊಡಬೇಕು ಅನ್ನಾಂವ. ಸುಟ್ಟು ಬರ್ಲಿ ಆ ಮರ್ಯಾದಿ, ಕಡೀಕ ಅದ ಕುತ್ತಾತು.

ಆಗ ಅವನ ಹೇಣ್ತಿ ಸುಧಾರಾಣಿ ಬಸುರಿ. ದಿನ ತುಂಬಾಕ ಬಂದಿದ್ಲು. ಅದಕೂ ಹಿಂದ ಎರಡು ಸಲ ಹೊಟ್ಯಾಗ ನಿಂತಿದ್ದಿಲ್ಲ. ಈ ಸಲ ಮನ್ಯಾಗ ಯಾರೂ ಜೋರಾಗಿ ಉಸರೂ ಬಿಡ್ತಿದ್ದಿಲ್ಲ. ಬಸವೇಶ ಊರು ಬಿಟ್ಟು ಎಲ್ಲೂ ಹೋಗಂಗಿಲ್ಲ ಅಂತ ಕುಂತಿದ್ದ. ಅಷ್ಟರಾಗ ಆ ಶಿಗ್ಗಾಂವಿ ಹೋಟೆಲಿನ ಮಾಲಕ ಇರ್ಫಾನನ ಫೋನ್ ಬಂತು. ಹಿರೇಕೆರೂರಾಗ ಕುಬೇರಪ್ಪ ಅಂತ ಕಾಳಿನ ಯಾಪಾರಿ ಅದಾನ, ವರ್ಷಕ್ಕ ಒಂದ ಮಷಿನ್ ಕೈಯಿಂದ ಮಾಡ್ತಾನ, ಕಂಪನಿ ಮಾಲಲ್ಲ, ನೋಡಿ ಬಾ ಅಂದ. ಕೈಯಿಂದ ಮಾಡಿದ್ದು ಅನ್ನೋದು ಕೇಳಿ ಇಂವ ಕರಗಿ ಹೋದ. ಸುಧಾರಾಣಿ ಬ್ಯಾಡ ಅಂದ್ಲು. ರಾತ್ರಿಗೆ ಬರ್ತೇನಿ ಅಂತ ಹೊಂಟ.

ಕುಬೇರಪ್ಪನ್ನ ನಾನೂ ಒಮ್ಮೆ ನೋಡೇನಿ. ಬಾಯಿ ತುಂಬ ತಂಬಾಕ, ಮಾತಾಡಿದ್ರ ಎದುರಿಗಿದ್ದಾವನ ಅಂಗಿ ಮ್ಯಾಲ ಸಿಡೀತೈತಿ. ಒರಸ್ಕೊಂಡ್ರ ಇಂವಗ ಸಿಟ್ಟು. ಹಂತಾ ಹೇಸಿಗಿ ಮನಷ್ಯಾನ ಕೈಯಾಗ ಹಂತಾ ನಾಜೂಕ ಕೆಲಸ ಯಾವ ದೇವ್ರು ಇಟ್ಟನೋ.

ಹೌದು, ಕೆಲಸ ನಾಜೂಕ. ಸುಳ್ಳು ಯಾಕ ಹೇಳಲಿ. ಗೋಡೌನಿನ ಒಳಗ ಜ್ವಾಳದ ಚೀಲದ ನಡಬರಕ ಮಷಿನ್ ನಿಂತಿತ್ತಂತ. ಬಸವೇಶ ನೋಡಿದ ಕೂಡ್ಲೆ ಚಪ್ಪಲಿ ಬಿಟ್ಟನಂತ. ಹಳೇ ಸಾಗವಾನಿ, ಎಣ್ಣಿ ಕುಡದು ಕುಡದು ಕರ್ರಗಾಗಿದ್ದು. ನಾಕೂ ಮೂಲಿಗೆ ಕೆತ್ತಿದ ಗಿಳಿ, ಮೂಗು ಸವದಾವ. ಒಳಗ ಗುಂಡು ಬಡಿಯೋ ಬೊಡ್ಡಿಗಳನ್ನ ದೊಡ್ಡ ಹುಣಸಿಮರದ ಬೊಡ್ಡಿಯಂಗ ಮಾಡ್ಯಾನ, ದಪ್ಪಗ, ಬೂದಿ ಬಣ್ಣ. ಹೊಡೀಬೇಕಾದ ಗುರಿಗೆಲ್ಲಾ ಎಲಿಬಳ್ಳಿ ಎಲಿ, ಒಂದೊಂದು ನರಾನೂ ಬರದಾನ. ಎಡಗಡಿ ರೆಕ್ಕಿ ಬೆರಳು ಹೇಳಿದಂಗ ಕೇಳ್ತಿತ್ತಂತ... ಟಕ್. ಎಲ್ಲಿ ಬೇಕಲ್ಲೆ ಗುಂಡು ಹೋಗ್ತಿತ್ತು. ಬೊಡ್ಡಿಗೆ ಬಡದ್ರ ಢಬ್, ಢಬ್ ಅಂತ ಒಳ್ಳೆ ಕಟ್ಟಿಗಿ ಸಪ್ಪಳ, ಕಂಪನಿ ಮಷಿನಿನ ತಗಡಿನ ಸಪ್ಪಳಲ್ಲ. ಇಷ್ಟೂ ಚಲೋದು.

ಖೋಟನೂ ಇದ್ದೂ. ಗಾಜು ಹೊಳದು ಮ್ಯಾಲಿನ ಅರ್ಧ ಕಾಣ್ತಿದ್ದಿಲ್ಲ. ಬಲಗಡಿ ರೆಕ್ಕಿ ಸೋತಿತ್ತು, ಗುಂಡು ಅರ್ಧ ದಾರಿಗೆ ಹೋಗಿ ವಾಪಸ್. ಒಳಗ ವೈರ್ ಕಟ್ಟಿದ್ದು ಕೋಳಿ ಕರುಳು ಚೆಲ್ಲಿದಂಗ. ಎರಡೂ ಮಗ್ಗಲದ ಹಲಿಗ್ಯಾಗ ಬಟ್ಟು ಹೋಗುವಷ್ಟು ತೂತು, ಮೇಣಾ ಹಾಕಿ ಮುಚ್ಚ್ಯಾನ. ಕಡಗ ಹಾಕಿ ಸವದ ತೂತಿನಂಗ ಇದ್ದೂ. ಈ ಕಟ್ಟಿಗಿ ಎಲ್ಲಿದು ಅಂತ ಇಂವ ಕೇಳಿದ. "ಮನಿ ಮಾಲು. ಈಗ ಹುಡುಕಿದ್ರ ಸಿಗಂಗಿಲ್ಲ" ಅಂತ ಕುಬೇರಪ್ಪ ಪಿಚಕ್ ಅಂತ ಗ್ವಾಡಿಗೆ ಉಗುಳಿದ.

ಮತ್ತ ವಾಸನಿ. ಸಣ್ಣಗ ಹುಳಿ ವಾಸನಿ. ಜ್ವಾಳ ಮುಗ್ಗಿರಬೇಕು ಅನಕೊಂಡ.

ಕಡೀಕ ಅಲ್ಲಾಡಿಸಿ ನೋಡೋದು ಇತ್ತು. ಅದು ನೋಡದ ಮಷಿನ್ ನೋಡಿದಂಗಲ್ಲ ಅಂತಾನ. ಎರಡೂ ಮಗ್ಗಲ ಹಿಡದು ಒಂಚೂರು ಅತ್ತ, ಒಂಚೂರು ಇತ್ತ. ಬಂದಾಗಲಿಲ್ಲ. ಇನ್ನೊಂಚೂರು ಜೋರ. ಉಹೂಂ. ಟಿಲ್ಟ್ ಹಾಕ್ಯಾನ, ತಂತೀನೂ ಸರಿ ಐತಿ, ಆದ್ರ ಎಷ್ಟು ಅಲ್ಲಾಡಿಸಿದ್ರೂ ಮಷಿನ್ ಸಾಕು ಅನ್ನವಲ್ದು. ಬದಲಿ ಒಳಗಿಂದ ಸಪ್ಪಳ ಬಂತು... ಗುರ್ರ್... ಗುರ್ರ್... ಗಂಟಲದಾಗ ಕಫ ಕಟ್ಟಿದ್ರ ಹೆಂಗ ಬರ್ತೈತಿ, ಹಂಗ. ಅಷ್ಟರಾಗ ಗುಂಡು ಸಂದ್ಯಾಗ ಬಿದ್ದು ಗೊಳಕ್ ಅಂದು ಮುಂದಿನ ಬಟ್ಟಲಕ್ಕ ಬಂತು.

ತಗೊಂಡ. ಬೆಚ್ಚಗ ಇತ್ತು. ಒದ್ದಿ ಇತ್ತು. ಬೆಳ್ಳಗ, ಅಂಟಂಟು, ನಡುನಡುವ ಮೊಸರಿನ ಗಂಟಿನಂಗ... ಮೂಗಿಗೆ ಹಿಡದ. ಕೂಸು ಕಕ್ಕಿದ ಹಾಲಿನ ವಾಸನಿ. ತಾಯಂದಿರಿಗೆ ಗೊತ್ತಿರ್ತೈತಿ ಅದು. ನಿಮ್ಮ ಕೂಸಿಂದಾದ್ರ ಸೆರಗಲೆ ಒರಸ್ಕೊಂತೀರಿ. ಕಬ್ಬಿಣದ ಗುಂಡಿನ ಮ್ಯಾಲ ಅದನ್ನ ನೋಡಿದ್ರ ಏನಾಗಬ್ಯಾಡ? ಛೀ.

"ಗ್ರೀಸು" ಅಂದ ಕುಬೇರಪ್ಪ. ಮಗ್ಗಲದಾಗ ಅರಿವಿ ಗುಡ್ಡಿ ಹಾಕಿದ್ದ. ಒಂದು ತುಣುಕು ಕೊಟ್ಟ. ಇಂವ ಒರಸಿದ, ಮತ್ತ ಆಡಿದ, ಮತ್ತ ಅಲ್ಲಾಡಿಸಿದ. ಯಾಕ ಅಂತ ನಾ ಬೈದು ಕೇಳಿದೆ. "ಖೋಟ ಎಲ್ಲೈತಿ ತಿಳೀಬೇಕಲ್ಲಕ್ಕಾ" ಅಂದ. ಅಲ್ಲಾಡಿಸಿದಷ್ಟೂ ಆ ಗುರ್ರ್ ಕಡಿಮ್ಯಾಗಾಕತ್ತು, ಬಿಟ್ರ ಜೋರಾಗಾಕತ್ತು. ಕಡೀಕ ಹೊತ್ತಾತು ಅಂತ ಹಂಗ ಬಿಟ್ಟು ಹೊಂಟ. ಕುಬೇರಪ್ಪ ಗೋಡೌನ್ ಕೀಲಿ ಹಾಕ್ಕೊಂಡು ಮನಿಗೆ ಹೋದ. ಇಂವ ಬಾವಿ ಹಾದಿಗೆ ಬಂದ.

ಅಲ್ಲಿ ಆ ದನಿ. "ತೂಗಿದ್ರ್ಯಾ?"

ಬಸವೇಶ ಮೊಬೈಲ್ ಬೆಳಕು ಬಿಟ್ಟ. ನಡು ವಯಸ್ಸಿನ ಹೆಣಮಗಳು, ಕುಂತು ಅರಿವಿ ಹಿಂಡಾಕತ್ತಿದ್ಲು. ಕಲ್ಲಿನ ಮ್ಯಾಲಿನ ನೀರು ಬೆಳ್ಳಗ ಹರೀತಿತ್ತು. ಗೋಡೌನಿನಾಗ ಕಂಡಂಥಾ ಅರಿವಿ ತುಣುಕು, ಗುಂಡು ಒರಸಿದ್ದು.

"ಯಾರ್ರಿ ನೀವು?"

"ಸರೋಜವ್ವ. ಕುಬೇರಪ್ಪನ ಮನ್ಯಾಕಿ. ಬೆಳಕು ಆರಸ್ರಿ... ನೀವು ಅದನ್ನ ತೂಗಿದ್ರ್ಯಾ?"

"ಅಲ್ಲಾಡಿಸಿದೆ. ನೋಡಬೇಕಲ್ರಿ."

"ನಿಲ್ಲಿಸಿ ಬಂದ್ರ್ಯಾ?"

ಇಂವಗ ತಿಳೀಲಿಲ್ಲ. ಆಕಿ ಅರಿವಿ ಕೆಳಗಿಟ್ಲು.

"ಅದು ನನ್ನ ತೊಟ್ಟಿಲರಿ. ತವರ ಮನಿಂದ ಬಂದಿದ್ದು. ನನ್ನ ಕೂಸು ಅದರಾಗ ಹೋತು. ಹಾಲು ಗಂಟಲದಾಗ ಸಿಕ್ಕು... ರಾತ್ರಿ... ನಾ ತೂಕ್ಕೋತನ ಇದ್ದೆ. ಮಕ್ಕೊಂಡೈತಿ ಅನಕೊಂಡಿದ್ದೆ. ತೊಟ್ಟಿಲ ಹಳ್ಳಕ್ಕ ಬಿಡ್ರಿ ಅಂತ ಗಂಡಗ ಅಂದೆ. ಅಟ್ಟದ ಮ್ಯಾಲ ಇಟ್ಟಿದ್ದ. ಈಗ ಒಡದು ಇದನ್ನ ಮಾಡ್ಯಾನ."

ಕೇಳಿದ್ರ್ಯಾ. ಕೂಸು ಸತ್ತ ತೊಟ್ಟಿಲದ ಹಲಿಗಿ ಕಿತ್ತು, ಎಣ್ಣಿ ಹಚ್ಚಿ, ಬಣ್ಣ ಬಳದು, ಹುಡುಗ್ರು ಆಡಲಿ ಅಂತ ಮಾರಾಕಿಟ್ಟಾನ. ಅವ್ವ ಅನ್ನಾಕಿ ದಿನಾ ರಾತ್ರಿ ಅದು ಕಕ್ಕಿದ್ದನ್ನ ಒಗೀತಾಳ. ಅಂವ ಮನ್ಯಾಗ ಉಂಡು ತೇಗ್ತಾನ. ಹಂತಾವನ ಮಾರಿ ಮ್ಯಾಲ ಉಗುಳಾಕೂ ನನಗ ಹೇಸಿಗಿ.

ಖಾಲಿ ತೊಟ್ಟಿಲ ತೂಗಬಾರದು, ತೂಗಿದ್ರ ಮನಿ ಕೂಸಿಗೆ ಕೇಡು ಅನ್ನೋದು ಬಸವೇಶಗ ಗೊತ್ತಿಲ್ಲಂತಲ್ಲ. ಸಣ್ಣಿದ್ದಾಗ ತೂಗಿ ನಮ್ಮ ಅವ್ವನ ಕೈಲೆ ಏಟು ತಿಂದಾನ. ಆದ್ರ ಮಷಿನಿನಾಗ ತೊಟ್ಟಿಲ ಐತಿ ಅಂತ ಯಾರಿಗೆ ಹೊಳೀಬೇಕು? ತೊಟ್ಟಿಲ ಹಗ್ಗದ ಕಡಗದ ತೂತು ನೋಡ್ಯಾನ, ಗಿಳಿ ನೋಡ್ಯಾನ. ಗಿಳಿ ಚಲೋ ಅಂದಾನ, ತೂತು ಖೋಟ ಅಂದಾನ. ಅಷ್ಟ.

"ಮನ್ಯಾಗ ಯಾರರ ಬಸುರಿ ಅದಾರೇನ್ರಿ?" ಅಂದ್ಲು ಸರೋಜವ್ವ.

ಇಂವ ಹೌದು ಅಂತ ತಲಿ ಅಲ್ಲಾಡಿಸಿದ.

"ಹಂಗಾರ ಹೋಗಿ ನಿಲ್ಲಸ್ರಿ. ನಾ ನಿಲ್ಲಿಸಿದ್ರ ನಡಿಯಂಗಿಲ್ಲ. ತೂಗಿದಾವರ ಕೈನ ಬೇಕು. ಕೈ ಇಟ್ಟು ನಿಂದರ್ರಿ. ಮಕ್ಕೊಳ್ಳುತನ ಕೈ ತಗೀಬ್ಯಾಡ್ರಿ... ಏನಾದ್ರೂ ತಗೀಬ್ಯಾಡ್ರಿ." ಸೊಂಟದಾಗಿನ ಕೀಲಿ ತಗದು ಕೊಟ್ಲು. ಕೀಲಿನೂ ಒದ್ದಿ ಇತ್ತು.

ದೂರ ಬಸ್‌ಸ್ಟ್ಯಾಂಡಿನ್ಯಾಗ ಬಸ್ಸಿನ ಹಾರ್ನ್ ಆತು. ಹೋಗಿಬಿಡಬೇಕು ಅನಿಸ್ತಂತ. ಇದೆಲ್ಲಾ ತಲಿ ಕೆಟ್ಟ ಹೆಣಮಗಳ ಮಾತು ಅನಿಸ್ತಂತ. ಆದ್ರ ಸುಧಾರಾಣಿ ಕಣ್ಣ ಮುಂದ ಬಂದ್ಲು. ಹೊಟ್ಟಿ ಮ್ಯಾಲ ಕೈ ಇಟಗೊಂಡು ಬಾಗಲದಾಗ ನಿಂತಾಕಿ. ವಾಪಸ್ ನಡದ.

ಕೀಲಿ ತಗಿಯೋಕಿಂತ ಮದಲ ಹೊರಗ ಕೇಳ್ತು... ಕಿರ್ರ್... ಕಿರ್ರ್... ಕಿರ್ರ್... ಹಗ್ಗದ ಮ್ಯಾಲ ಭಾರ ತೂಗಿದ್ರ ಬರೋ ಸಪ್ಪಳ. ಒಳಗ ಹೋದ. ವೈರ್ ಕಿತ್ತಿತ್ತು, ದೀಪ ಇದ್ದಿಲ್ಲ. ಮಷಿನ್ ನಿಂತಲ್ಲೆ ತೂಗ್ತಿತ್ತು. ಒಂಚೂರು ಅತ್ತ, ಒಂಚೂರು ಇತ್ತ. ಇಂವ ಬಿಟ್ಟಂಗನ.

ಕೈ ಇಟ್ಟ. ಎಡಗೈ ಮಗ್ಗಲಕ, ಬಲಗೈ ಮುಂದಿನ ಬಟ್ಟಲದ ಅಂಚಿಗೆ. ಒಳಗ ಗುರ್ರ್ ಶುರು ಆತು. ಗೊಳಕ್ ಅಂತು, ಆದ್ರ ಗುಂಡು ಬರಲಿಲ್ಲ. ಬೆಚ್ಚಗ ಏನೋ ಬಟ್ಟಲ ತುಂಬಿ, ಕೈ ಮ್ಯಾಲಿಂದ ಇಳದು, ಪಾದದ ಮ್ಯಾಲ ಬಿತ್ತು. ಆ ವಾಸನಿ. ಇಂವ ಕೈ ತಗೀಲಿಲ್ಲ. ಆಮ್ಯಾಲ... ಬಟ್ಟಲದ ಒಳಗ ಗುಂಡು ಬರೋ ತೂತಿನ್ಯಾಗ ಬಲಗೈ ಬಟ್ಟು ಜಾರಿತು. ಜಾರಿತೋ, ಜಗ್ಗಿತೋ. ಏನೋ ಅದನ್ನ ಹಿಡೀತು. ಮೆತ್ತಗ. ಹಲ್ಲಿಲ್ಲ. ಬರೇ ವಸಡು. ಹಿಡದು... ಚಪ್... ಚಪ್... ಚೀಪಾಕತ್ತು.

ಸುಮ್ನಿರು ಶೈಲಾ, ಹುಡುಗ್ರು ಏಳ್ತಾವ. ಅಂವ ಅಲ್ಲೆ, ಕೈ ತಗೀದ, ಮಗ್ಗಲಕ ಬಗ್ಗಿ ವಾಂತಿ ಮಾಡ್ಯಾನ. ಜ್ವಾಳದ ಚೀಲದ ಮ್ಯಾಲ. ಬಾಯಿ ಒರಸಾಕೂ ಕೈ ತಗೀಲಿಲ್ಲ. ಅಳ್ಕೊಂತ ನಿಂತಿದ್ನಂತ. ಆದ್ರ ಬಟ್ಟು ಚೀಪೋದು ಸಾವಕಾಶ ಆಗಾಕತ್ತು. ಗುರ್ರ್ ಇಳೀತು. ಕಿರ್ರ್ ಇಳೀತು. ಹೊರಗ ಹಕ್ಕಿ ಕೂಗುಹೊತ್ತಿಗೆ ವಸಡು ತಾನ ಬಿಟ್ಟಿತು. ಆಮ್ಯಾಲ ಬರೇ ಉಸರು, ಆಮ್ಯಾಲ ಅದೂ ಇಲ್ಲ.

ಮನಿಗೆ ಬಂದ ಬಸವೇಶನ ಆ ಬಟ್ಟು ನಾನ ನೋಡಿದೆ. ದಿನಪೂರ್ತಿ ನೀರಾಗ ಇಟ್ಟಂಗ ಬೆಳ್ಳಗ, ಸುಕ್ಕು. ಇವತ್ತಿಗೂ ಹಂಗ ಐತಿ. ಅದನ್ನ ಮುಚ್ಚಿ ಹಿಡಕೊಂಡ ಅಡ್ಡಾಡ್ತಾನ.

ಇರ್ಫಾನಗ ಫೋನ್ ಮಾಡಿದ. ಇಲ್ಲೆ ಕೆಲಸ ಕೆಟ್ಟಿದ್ದು. ಇವನ ಪದ್ಧತಿ ಐತಲ್ಲ, ಚಲೋದು ಮದಲ. ಕಟ್ಟಿಗಿ ಹಿಂಗೈತಿ, ಗಿಳಿ ಹಿಂಗದಾವ, ಎಡಗಡಿ ರೆಕ್ಕಿಯಂಥಾದು ನಾ ಎಲ್ಲೂ ನೋಡಿಲ್ಲ ಅಂದ. "ಆದ್ರ" ಅನ್ನೋದ್ರೊಳಗ ಇರ್ಫಾನ "ಆತು ಮಾರಾಯ, ನಿನ್ನ ಬಾಯಿಂದ ಇಷ್ಟು ಬಂತಂದ್ರ ಸಾಕು" ಅಂತ ಫೋನ್ ಇಟ್ಟ. ಮತ್ತ ಮಾಡಿದ್ರ ಗಿರಾಕಿ ಗದ್ದಲ, ಎತ್ತಲಿಲ್ಲ. ಇಂವ ಶಿಗ್ಗಾಂವಿಗೆ ಓಡೋದ್ರೊಳಗ ಮಷಿನ್ ಟೆಂಪೋದಾಗ ಬಂದು ಇಳದಿತ್ತು. ಖೋಟ ಎಲ್ಲಾ ಹೇಳಿದ, ತೊಟ್ಟಿಲದ ವಿಷಯನೂ ಹೇಳಿದ. ಇರ್ಫಾನ ನಕ್ಕ. ಬಲಗಡಿ ರೆಕ್ಕಿ ರಿಪೇರಿ ಮಾಡಸ್ತೇನಿ, ಗಾಜೂ ಬದಲಿ ಮಾಡಸ್ತೇನಿ, ಇನ್ನ ಏನು ಖೋಟ ಹೇಳು ಅಂದ. ನಾನಾಗಿದ್ರ ಕೊಡ್ಲಿ ತಗೊಂಡು ಹೋಗ್ತಿದ್ದೆ. ಬಸವೇಶ ತಲಿ ತಗ್ಗಿಸಿ ಬಂದ. ಹೊಲಸು ಮರ್ಯಾದಿ.

ಸುಧಾರಾಣಿ ಹಡದ್ಲು. ಹೆಣ್ಣು. ಗುಂಡಗಲ್ಲಿನಂಗ ಗಟ್ಟಿ ಕೂಸು. ಅಂಕಿತಾ ಅಂತ ಹೆಸರು, ನೀವು ಎಲ್ಲಾರೂ ನೋಡೀರಿ. ನಾವು ಉಸರು ಬಿಟ್ವಿ. ಮುಗೀತು ಅನಕೊಂಡ್ವಿ.

ಹೋದ ತಿಂಗಳ ಹಾನಗಲ್ಲಿಗೆ ಮದವಿಗೆ ಹೋಗಿ ಬರೋ ಮುಂದ ಗಾಡಿ ಆ ಹೋಟೆಲ್ ಮುಂದ ನಿಂತು. ಬಸವೇಶ ಇದ್ದಿಲ್ಲ, ನಾನು, ಸುಧಾರಾಣಿ, ಅಂಕಿತಾ. ಡ್ರೈವರಗ ಚಾ ಬೇಕಾಗಿತ್ತು. ನನಗ ಹೋಟೆಲ್ ಗುರ್ತು ಹತ್ತಲಿಲ್ಲ, ದೇವರಾಣಿ. ಒಳಗ ಕುಂತ ಮ್ಯಾಲ ನೋಡಿದೆ. ಮೂಲ್ಯಾಗ ಅದು. ಮೂರ್ನಾಕು ಹುಡುಗ್ರು ಜೋತುಬಿದ್ದು ಅಲ್ಲಾಡಸಾಕತ್ತಿದ್ದೂ. ಚಿಪ್ಸ್ ತಿಂದ ಕೈಲೆ ಹಿಡದು ಗಾಜು ಎಲ್ಲಾ ಎಣ್ಣಿ. ಒಬ್ಬಾಂವ ಗುಂಡು ತಗದು, ಮಾರಿ ಕಿವಿಚಿ, ಚಡ್ಡಿಗೆ ಒರಸ್ಕೊಂಡ. ಅವರ ಅಪ್ಪ ಕರದ, ಹಂಗ ಬಿಟ್ಟು ಓಡಿದ್ವು.

ಅದು ತೂಗ್ತನ ಇತ್ತು. ಯಾರೂ ನೋಡ್ತಿದ್ದಿಲ್ಲ. ಗಲ್ಲಾದ ಮ್ಯಾಲ ಹಾಡು ಹಚ್ಚಿದ್ರು, ಆ ಕಿರ್ರ್ ನನಗಷ್ಟ ಕೇಳಾಕತ್ತಿತ್ತು.

ಏಳ್ರಿ ಹೋಗೂಣು ಅಂತ ತಿರಗ್ತೇನಿ, ಅಂಕಿತಾ ಮಗ್ಗಲದಾಗ ಇಲ್ಲ. ಇನ್ನೂ ನೆಟ್ಟಗ ಮಾತು ಬರಂಗಿಲ್ಲ ಅದಕ್ಕ. ಸಾವಕಾಶ ನಡಕೊಂತ ಹೋಗಿ ಆ ಮಷಿನ್ ಮುಂದ ನಿಂತೈತಿ. ಹುಡುಗಿ ಮುಂದ ಅವರಪ್ಪನ ಆ ಮಾತು ಯಾರೂ ಆಡಿಲ್ಲ, ಆಕಿ ಆ ಮಷಿನ್ ನೋಡೂ ಇಲ್ಲ. ನಾ ಸುಧಾರಾಣಿ ಭುಜ ತಟ್ಟಿ ತೋರಿಸಿದೆ. ಹುಡುಗಿ ಬಟನ್ ಮುಟ್ಟಲಿಲ್ಲ, ಗುಂಡು ಮುಟ್ಟಲಿಲ್ಲ. ಎಡಗೈ ಮಗ್ಗಲಕ ಇಟ್ತು. ಬಲಗೈ ಎತ್ತಿ ಬಟ್ಟಲದ ಅಂಚಿಗೆ ಇಟ್ತು. ಅವರಪ್ಪ ಇಟ್ಟಂಗನ. ಸುಮ್ನ ನಿಂತು ಬಿಡ್ತು.

ಕಿರ್ರ್ ಇಳೀತು... ಇಳೀತು... ನಿಂತು.

ಸುಧಾರಾಣಿ ಓಡಿ ಹೋಗಿ ಎತಗೊಂಡ್ಲು. ಹುಡುಗಿ ಅಳಲಿಲ್ಲ. ನನ್ನ ಮಾರಿ ನೋಡಿ, ಸಣ್ಣ ದನೀಲೆ, ಯಾರನ್ನೋ ಎಬ್ಬಸಬಾರದು ಅಂತ ಹೇಳಿದಂಗ ಹೇಳ್ತು... "ಮಕ್ಕೊಂತು."

ಹೊರಗಿನ ನಳದಾಗ ಆ ಬಲಗೈ ನಾನ ತೊಳದೆ. ಅಂಗೈ ತುಂಬ ಬೆಳ್ಳಗ, ಅಂಟಂಟು. ಸಾಬಾಣ ಹಚ್ಚಿ ತೊಳದೆ, ಮತ್ತ ತೊಳದೆ. ಆ ವಾಸನಿ ಈಗೂ ನನ್ನ ಮೂಗಿನ್ಯಾಗ ಐತಿ. ಸುಳ್ಳು ಅನಿಸಿದ್ರ ನಾಳೆ ಹಾದ್ಯಾಗ ಸವಣೂರಾಗ ಇಳದು, ತವರಿಗೆ ಬಂದಿರೋ ಸುಧಾರಾಣಿನ್ನ ಕೇಳ್ರಿ. ಆಕಿ ಮಾತಾಡಂಗಿಲ್ಲ, ಹುಡುಗಿ ಕೈ ತೋರಸ್ತಾಳ. ಅಂಕಿತಾನ ಬಲಗೈ ಬಟ್ಟು ಒಂದ, ಬೆಳ್ಳಗ, ಸುಕ್ಕು ಸುಕ್ಕು ಐತಿ.